ತೀರ್ಪು ಬಂದ ಮೇಲೂ ಮುಗಿಯದ ಕೆಲಸ: ಯುರೋಪಿನ ಮಾನವ ಹಕ್ಕು ಹೋರಾಟಗಳ ಬಗ್ಗೆ ಓದುಗರ ಪ್ರಶ್ನೆಗಳು

ಯುರೋಪಿನ ಮಾನವ ಹಕ್ಕು ಚಳವಳಿಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಒಟ್ಟುಗೂಡಿಸಿ, ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮೂರಿನ ಮಗಳು ಸವಿತಾ ಹಾಲಪ್ಪನವರ ಅವರ ಸಾವಿನಿಂದ ಐರ್ಲೆಂಡಿನ ಸಂವಿಧಾನವೇ ಬದಲಾಯಿತು ಎನ್ನುತ್ತಾರೆ. ಒಂದು ಸಾವಿನಿಂದ ಅಷ್ಟು ದೊಡ್ಡ ಬದಲಾವಣೆ ಆಗಬಲ್ಲದೇ? ಅದರ ಹಿಂದೆ ದುಡಿದವರು ಯಾರು?
— ಉಪನ್ಯಾಸಕಿ, ಬೆಳಗಾವಿ

ಉತ್ತರ: ಸಾವು ತಾನಾಗಿ ಯಾವ ಕಾನೂನನ್ನೂ ಬದಲಿಸುವುದಿಲ್ಲ. ಆ ಸಾವನ್ನು ಮರೆಯಲು ಬಿಡದವರು ಬದಲಿಸುತ್ತಾರೆ. ಐರ್ಲೆಂಡಿನಲ್ಲಿ ಅಂಥವರು ಸವಿತಾ ಅಲ್ಲಿಗೆ ಹೋಗುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಕೆಲಸ ಮಾಡುತ್ತಿದ್ದರು.

1983ರಲ್ಲಿ ಐರಿಶ್ ಮತದಾರರು ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಸೇರಿಸಿದರು. ಗರ್ಭದಲ್ಲಿರುವ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕಿದೆ ಎಂಬುದು ಅದರ ಸಾರ. 1992ರಲ್ಲಿ, ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾಗಿದ್ದ 14 ವರ್ಷದ ಹುಡುಗಿಯೊಬ್ಬಳನ್ನು ಇಂಗ್ಲೆಂಡಿಗೆ ಹೋಗದಂತೆ ತಡೆದಾಗ ದೇಶವೇ ಬೀದಿಗಿಳಿಯಿತು. ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತಕ್ಕೆ ಅವಕಾಶವಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಪಾಯವಿದೆಯೆಂದು ತೀರ್ಮಾನಿಸುವವರು ಯಾರು, ಹೇಗೆ ಎಂಬುದನ್ನು ವಿವರಿಸುವ ಕಾನೂನನ್ನು ಸಂಸತ್ತು ಮಾಡಲೇ ಇಲ್ಲ. 2010ರ ಡಿಸೆಂಬರ್ 16ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು ಇದೇ ಲೋಪವನ್ನು ಎತ್ತಿ ತೋರಿಸಿ, ಐರ್ಲೆಂಡ್ ತಪ್ಪು ಮಾಡಿದೆ ಎಂದು ತೀರ್ಪಿತ್ತಿತು. ಆ ಬಳಿಕವೂ ಸರ್ಕಾರ ಸಮಿತಿಗಳನ್ನು ರಚಿಸುತ್ತ, ವರದಿಗಳಿಗೆ ಕಾಯುತ್ತ ಕಾಲ ಕಳೆಯಿತು.

ಹಾಗೆ ಕಾಲ ಕಳೆಯುತ್ತಿದ್ದಾಗಲೇ, 2012ರ ಅಕ್ಟೋಬರ್ 21ರಂದು, 31 ವರ್ಷದ ದಂತವೈದ್ಯೆ ಸವಿತಾ ಬೆನ್ನುನೋವೆಂದು ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. 17 ವಾರಗಳ ಆ ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಬಡಿತ ಇನ್ನೂ ಇದೆ ಎಂಬ ಕಾರಣಕ್ಕೆ ಕಾಯಲು ಹೇಳಲಾಯಿತು. ಕಾಯುತ್ತಿರುವಾಗಲೇ ಸೋಂಕು ರಕ್ತಕ್ಕೆ ಸೇರಿತು; ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆಮೇಲೆ ನಡೆದ ತನಿಖೆಯು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿತು: ರೋಗಿಯ ಸ್ಥಿತಿಯನ್ನು ಸರಿಯಾಗಿ ಗಮನಿಸಲಿಲ್ಲ, ಭ್ರೂಣದ ಹೃದಯ ನಿಲ್ಲುವವರೆಗೆ ಏನೂ ಮಾಡಬಾರದು ಎಂಬುದಕ್ಕೆ ಅತಿಯಾದ ಒತ್ತು ಕೊಡಲಾಯಿತು.

ಗರ್ಭಪಾತದ ಹಕ್ಕಿಗಾಗಿ ಡಬ್ಲಿನ್‌ನಲ್ಲಿ ದೊಡ್ಡ ಮೆರವಣಿಗೆಯೊಂದು ನಡೆದದ್ದು ಸವಿತಾ ತೀರಿಕೊಳ್ಳುವ ಹಿಂದಿನ ತಿಂಗಳಲ್ಲಿ. ಸಂಘಟನೆ ಆಗಲೇ ಇತ್ತು. ಸುದ್ದಿ ನವೆಂಬರ್ 14ರಂದು ಪತ್ರಿಕೆಯಲ್ಲಿ ಬಂದ ಕೆಲವೇ ದಿನಗಳಲ್ಲಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಬೀದಿಗೆ ಬರಲು ಸಾಧ್ಯವಾದದ್ದು ಅದರಿಂದಲೇ. 2013ರಲ್ಲಿ ಬಂದ ಕಾನೂನು ತೀರ ಇಕ್ಕಟ್ಟಿನದಾಗಿತ್ತು. ಚಳವಳಿಗಾರರು ಅದಕ್ಕೆ ತೃಪ್ತರಾಗಿ ಮನೆಗೆ ಹೋಗಲಿಲ್ಲ. ಆ ವರ್ಷಗಳಲ್ಲಿ ವರ್ಷಕ್ಕೆ 3,000ಕ್ಕೂ ಹೆಚ್ಚು ಐರಿಶ್ ಹೆಂಗಸರು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗಿಬರುತ್ತಿದ್ದರು. ಅಲ್ಲಿಯವರೆಗೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಆ ಪಯಣದ ಕಥೆಯನ್ನು ಅವರು ಹೆಸರು ಹೇಳಿಕೊಂಡು, ಮುಖ ತೋರಿಸಿ, ನೆರೆಹೊರೆಯವರ ಮುಂದೆ ಹೇಳತೊಡಗಿದರು. ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯ ಪ್ರಜೆಗಳ ಸಭೆಯೊಂದು ತಿಂಗಳುಗಟ್ಟಲೆ ವೈದ್ಯರ, ವಕೀಲರ, ಎರಡೂ ಪಕ್ಷದವರ ಮಾತು ಕೇಳಿ, ತಿದ್ದುಪಡಿಯನ್ನು ಇದ್ದಂತೆಯೇ ಉಳಿಸಿಕೊಳ್ಳಬಾರದೆಂಬ ತೀರ್ಮಾನಕ್ಕೆ ಬಂದಿತು. 2018ರ ಮೇ 25ರ ಜನಮತಗಣನೆಗೆ ಮತ ಹಾಕಲೆಂದೇ ದೂರದೂರದ ದೇಶಗಳಲ್ಲಿದ್ದ ಐರಿಶ್ ಯುವಜನರು ವಿಮಾನ ಹತ್ತಿ ಊರಿಗೆ ಬಂದರು. 66.4 ಶೇಕಡ ಮತ ತಿದ್ದುಪಡಿಯನ್ನು ತೆಗೆದುಹಾಕುವ ಪರವಾಗಿ ಬಿದ್ದಿತು. ಆ ದಿನಗಳಲ್ಲಿ ಡಬ್ಲಿನ್‌ನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಅವರ ಭಾವಚಿತ್ರದ ಸುತ್ತ ಜನ ಬಣ್ಣದ ಚೀಟಿಗಳನ್ನು ಅಂಟಿಸಿ ಹೋದರು. ಕ್ಷಮೆ ಕೇಳಿದ ಚೀಟಿಗಳೇ ಅವುಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದ್ದವು.

ಬೆಳಗಾವಿಯಲ್ಲಿದ್ದ ಅವರ ತಂದೆತಾಯಿ ಜನಮತಗಣನೆಯ ಮೊದಲೇ ಬದಲಾವಣೆಯ ಪರವಾಗಿ ಮತ ಹಾಕಿ ಎಂದು ಐರಿಶ್ ಜನರನ್ನು ಬಹಿರಂಗವಾಗಿ ಕೇಳಿಕೊಂಡಿದ್ದರು. ಹೊಸ ಕಾನೂನಿಗೆ ಮಗಳ ಹೆಸರಿಡಬೇಕೆಂಬ ಅವರ ಆಸೆ ಮಾತ್ರ ಅಧಿಕೃತವಾಗಿ ಈಡೇರಲಿಲ್ಲ. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಸವಿತಾ ‘ಬಲಿದಾನ’ ಮಾಡಿದರು ಎಂದು ನಮ್ಮ ಕಡೆ ಬರೆಯುವುದುಂಟು. ಅವರು ಯಾವುದಕ್ಕೂ ತಮ್ಮನ್ನು ಅರ್ಪಿಸಿಕೊಳ್ಳಲಿಲ್ಲ. ಬದುಕಬೇಕೆಂದು ಚಿಕಿತ್ಸೆ ಕೇಳಿದರು, ಅದು ಸಿಗಲಿಲ್ಲ. 2010ರ ತೀರ್ಪಿಗೆ ಸರ್ಕಾರ ಆಗಲೇ ಕಿವಿಗೊಟ್ಟು ವೈದ್ಯರಿಗೆ ದಾರಿ ಸ್ಪಷ್ಟಪಡಿಸಿದ್ದರೆ ಅವರು ಇಂದು ನಮ್ಮೊಂದಿಗೆ ಇರುತ್ತಿದ್ದರೇನೋ.

ಪ್ರಶ್ನೆ: ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಯುರೋಪಿಯನ್ ಒಕ್ಕೂಟದ್ದೇ? ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರೊಬ್ಬರು ಅಲ್ಲಿಗೆ ದೂರು ಕೊಡಬಹುದೇ?
— ಕಾನೂನು ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲ. ಒಕ್ಕೂಟಕ್ಕೆ 27 ಸದಸ್ಯ ದೇಶಗಳಿದ್ದು ಅದರ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿದೆ. ಸ್ಟ್ರಾಸ್‌ಬರ್ಗ್‌ನ ನ್ಯಾಯಾಲಯವು 1949ರಲ್ಲಿ ಹುಟ್ಟಿದ ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೆಯೇ ಸಂಸ್ಥೆಗೆ ಸೇರಿದ್ದು. ಅದರಲ್ಲಿ 46 ದೇಶಗಳಿವೆ; ಟರ್ಕಿ, ಉಕ್ರೇನ್, ಬ್ರಿಟನ್ ಕೂಡ ಇವೆ. ಉಕ್ರೇನಿನ ಮೇಲೆ ದಾಳಿ ಮಾಡಿದ ರಷ್ಯಾವನ್ನು 2022ರ ಮಾರ್ಚ್‌ನಲ್ಲಿ ಹೊರಹಾಕಲಾಯಿತು. ಮರಣದಂಡನೆಯನ್ನು ಇಂದಿಗೂ ಜಾರಿಯಲ್ಲಿಟ್ಟುಕೊಂಡಿರುವ ಬೆಲಾರುಸ್ ಎಂದೂ ಸದಸ್ಯನಾಗಿರಲಿಲ್ಲ.

1950ರಲ್ಲಿ ರೋಮ್‌ನಲ್ಲಿ ಸಹಿಯಾದ ಮಾನವ ಹಕ್ಕುಗಳ ಒಡಂಬಡಿಕೆಯ ಮೊದಲ ವಿಧಿಯೇ, ದೇಶದ ಅಧಿಕಾರ ವ್ಯಾಪ್ತಿಯಲ್ಲಿರುವ ಪ್ರತಿಯೊಬ್ಬರಿಗೂ ಈ ಹಕ್ಕುಗಳಿವೆ ಎನ್ನುತ್ತದೆ. ಪೌರತ್ವದ ಮಾತನ್ನೇ ಎತ್ತುವುದಿಲ್ಲ. ಆದ್ದರಿಂದ ನೀವು ಹೇಳಿದ ಕನ್ನಡಿಗರು ಖಂಡಿತ ದೂರು ಕೊಡಬಹುದು. ದೂರು ಸರ್ಕಾರದ ವಿರುದ್ಧ ಇರಬೇಕು, ಖಾಸಗಿ ಮಾಲೀಕನ ವಿರುದ್ಧ ಅಲ್ಲ. ಮೊದಲು ಆ ದೇಶದ ಎಲ್ಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿದಿರಬೇಕು. ಕೊನೆಯ ತೀರ್ಪಿನಿಂದ ನಾಲ್ಕು ತಿಂಗಳೊಳಗೆ ಅರ್ಜಿ ಸೇರಬೇಕು. 2022ರ ಮೊದಲು ಆರು ತಿಂಗಳಿತ್ತು. ಶುಲ್ಕವಿಲ್ಲ, ಆರಂಭದಲ್ಲಿ ವಕೀಲರೂ ಬೇಕಿಲ್ಲ. ಆದರೆ ಬಹುಪಾಲು ಅರ್ಜಿಗಳು ವಿಚಾರಣೆಯ ಹಂತಕ್ಕೂ ಬಾರದೆ ತಿರಸ್ಕೃತವಾಗುತ್ತವೆ. ಈ ಕಾರಣದಿಂದಲೇ ಹಕ್ಕುಗಳ ಸಂಘಟನೆಗಳು ಬಹಳ ಜಾಗರೂಕತೆಯಿಂದ ಒಂದು ಪ್ರಕರಣವನ್ನು ಆರಿಸಿಕೊಂಡು, ವರ್ಷಗಟ್ಟಲೆ ದಾಖಲೆ ಕಲೆಹಾಕಿ, ಒಬ್ಬರ ದೂರಿನ ಮೂಲಕ ಸಾವಿರಾರು ಜನರ ಪ್ರಶ್ನೆಯನ್ನು ನ್ಯಾಯಾಧೀಶರ ಮುಂದಿಡುತ್ತವೆ.

ಕಾನೂನು ವಿದ್ಯಾರ್ಥಿಯಾದ ನಿಮಗೆ ಇನ್ನೊಂದು ನಂಟನ್ನೂ ಹೇಳಬೇಕು. ಉತ್ತರ ಐರ್ಲೆಂಡಿನ ಜೆಫ್ರಿ ಡಜನ್ ಎಂಬವರು ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನಿನ ವಿರುದ್ಧ 1981ರಲ್ಲಿ ಇದೇ ನ್ಯಾಯಾಲಯದಲ್ಲಿ ಗೆದ್ದಿದ್ದರು. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಅಂಥದೇ ಕಾನೂನಾದ 377ನೆಯ ಕಲಮಿನ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಆ ಪ್ರಕರಣದ ಉಲ್ಲೇಖವಿದೆ.

ಪ್ರಶ್ನೆ: ಯುರೋಪಿನ ರೋಮಾ ಜನರ ಮೂಲ ಭಾರತವೆಂದು ಓದಿದ್ದೇನೆ. ಅವರ ಇಂದಿನ ಸ್ಥಿತಿ ಏನು? ಅವರ ಪರವಾಗಿ ನಡೆದ ಹೋರಾಟಗಳಿಗೆ ಫಲ ಸಿಕ್ಕಿದೆಯೇ?
— ಪ್ರೌಢಶಾಲಾ ಶಿಕ್ಷಕರು, ಕಲಬುರಗಿ

ಉತ್ತರ: ಅವರ ಭಾಷೆ ಹಿಂದಿ, ಪಂಜಾಬಿಗಳ ಬಳಗಕ್ಕೆ ಸೇರಿದ್ದು. ಸುಮಾರು ಸಾವಿರ ವರ್ಷಗಳ ಹಿಂದೆ ಅವರ ಪೂರ್ವಜರು ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟರು ಎಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. 1971ರಲ್ಲಿ ಲಂಡನ್ ಬಳಿ ಸೇರಿದ ಮೊದಲ ವಿಶ್ವ ರೋಮಾ ಸಮ್ಮೇಳನವು ಒಪ್ಪಿಕೊಂಡ ಧ್ವಜದ ನಡುವೆ ಚಕ್ರವೊಂದಿದೆ. ಆದರೆ ಈ ನಂಟಿನ ಅಭಿಮಾನದಲ್ಲೇ ನಾವು ನಿಂತುಬಿಡಬಾರದು. ಇಂದಿನ ರುಮೇನಿಯಾದ ಭಾಗಗಳಲ್ಲಿ ಅವರು 1850ರ ದಶಕದವರೆಗೆ ಜೀತದಾಳುಗಳಾಗಿದ್ದರು. 1944ರ ಆಗಸ್ಟ್ 2ರ ರಾತ್ರಿ ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಉಳಿದಿದ್ದ 4,000ಕ್ಕೂ ಹೆಚ್ಚು ರೋಮಾ ಜನರನ್ನು, ಮಕ್ಕಳು ಮುದುಕರೆನ್ನದೆ, ವಿಷಾನಿಲದ ಕೋಣೆಗೆ ನೂಕಲಾಯಿತು. ಯುದ್ಧ ಮುಗಿದ ಮೇಲೆ ಈ ಕೊಲೆಗಳನ್ನು ಕೊಲೆಗಳೆಂದು ಒಪ್ಪಿಸುವುದಕ್ಕೇ ದಶಕಗಳು ಹಿಡಿದವು. ಚೆಕ್ ದೇಶದ ಲೇಟಿ ಎಂಬಲ್ಲಿ ರೋಮಾ ಜನರನ್ನು ಕೂಡಿಹಾಕಿದ್ದ ಶಿಬಿರದ ಜಾಗದಲ್ಲಿ, 300ಕ್ಕೂ ಹೆಚ್ಚು ಜನ ಸತ್ತ ಆ ನೆಲದ ಮೇಲೆ, 1970ರ ದಶಕದಲ್ಲಿ ಹಂದಿ ಸಾಕಣೆ ಕೇಂದ್ರ ಕಟ್ಟಿದ್ದರು. ಬದುಕುಳಿದವರ ಕುಟುಂಬದವರು ವರ್ಷವರ್ಷವೂ ಹಂದಿಗಳ ದುರ್ನಾತದ ನಡುವೆ ನಿಂತು ಸತ್ತವರಿಗೆ ಹೂವಿಟ್ಟು ಬಂದರು. ಸರ್ಕಾರ ಅದನ್ನು ಕೊಂಡು ಕೆಡವಿ, ಸ್ಮಾರಕ ತೆರೆದದ್ದು 2024ರಲ್ಲಿ.

ನೀವು ಶಿಕ್ಷಕರಾದ್ದರಿಂದ ಶಾಲೆಯ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚೆಕ್ ದೇಶದ ಓಸ್ಟ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ತೆರೆದ ವಿಶೇಷ ಶಾಲೆಗಳಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಪರೀಕ್ಷೆ ನಡೆಯುತ್ತಿತ್ತು, ತಂದೆತಾಯಿಯ ಸಹಿಯೂ ಇರುತ್ತಿತ್ತು. ಕಾಗದದಲ್ಲಿ ಎಲ್ಲವೂ ಕ್ರಮಬದ್ಧ. ಯುರೋಪಿಯನ್ ರೋಮಾ ಹಕ್ಕುಗಳ ಕೇಂದ್ರದವರು 1999ರಲ್ಲಿ ಆ ನಗರದ 8 ವಿಶೇಷ ಶಾಲೆಗಳ ಮತ್ತು 69 ಸಾಮಾನ್ಯ ಶಾಲೆಗಳ ಮುಖ್ಯೋಪಾಧ್ಯಾಯರಿಂದ ಲೆಕ್ಕ ತರಿಸಿಕೊಂಡರು. ನಗರದ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ರೋಮಾ ಮಕ್ಕಳು 2.26 ಶೇಕಡ, ವಿಶೇಷ ಶಾಲೆಗಳಲ್ಲಿ 56 ಶೇಕಡ. ಅಂದರೆ ಉಳಿದ ಮಕ್ಕಳಿಗಿಂತ ರೋಮಾ ಮಗುವೊಂದು ಅಲ್ಲಿಗೆ ಸೇರುವ ಸಂಭವ 27 ಪಟ್ಟು ಹೆಚ್ಚು. 18 ಮಕ್ಕಳ ಹೆಸರಿನಲ್ಲಿ ದೂರು ಹೂಡಲಾಯಿತು. ದೇಶದ ಸಂವಿಧಾನ ನ್ಯಾಯಾಲಯದಲ್ಲಿ ಸೋತರು, 2006ರಲ್ಲಿ ಸ್ಟ್ರಾಸ್‌ಬರ್ಗ್‌ನ ಮೊದಲ ಹಂತದಲ್ಲೂ ಸೋತರು. 2007ರ ನವೆಂಬರ್ 13ರಂದು ವಿಸ್ತೃತ ಪೀಠವು 13-4ರ ಬಹುಮತದಿಂದ ಮಕ್ಕಳ ಪರವಾಗಿ ತೀರ್ಪಿತ್ತಿತು. ಭೇದಭಾವ ಮಾಡಬೇಕೆಂದು ಯಾರೂ ಆಜ್ಞೆ ಹೊರಡಿಸಿರಬೇಕಿಲ್ಲ, ಪರಿಣಾಮವೇ ಸಾಕ್ಷಿಯಾಗಬಲ್ಲದು ಎಂಬುದನ್ನು ಆ ಅಂಕಿಗಳ ಬಲದಿಂದಲೇ ಪೀಠ ಒಪ್ಪಿತು. ಯುರೋಪಿನ ಭೇದಭಾವ ವಿರೋಧಿ ಕಾನೂನಿನಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಪುಗಳು ಕಡಿಮೆ.

ಗೆದ್ದ ಮಕ್ಕಳಿಗೆ ತಲಾ 4,000 ಯೂರೋ ಸಿಕ್ಕಿತು. ಅಷ್ಟರಲ್ಲಿ ಅವರು ಬೆಳೆದು ದೊಡ್ಡವರಾಗಿದ್ದರು. ಸರ್ಕಾರ ಕಾನೂನು ತಿದ್ದಿ ‘ವಿಶೇಷ ಶಾಲೆ’ ಎಂಬ ಬೋರ್ಡನ್ನು ಇಳಿಸಿತಾದರೂ ಎಷ್ಟೋ ಕಡೆ ಅದೇ ಕಟ್ಟಡ, ಅದೇ ಶಿಕ್ಷಕರು, ಅದೇ ಮೊಟಕುಗೊಳಿಸಿದ ಪಠ್ಯ ಮುಂದುವರಿದವು. ತೀರ್ಪು ಬಂದು ಹದಿನೈದು ವರ್ಷ ಕಳೆದ ಮೇಲೂ ಅದರ ಪಾಲನೆಯ ಮೇಲ್ವಿಚಾರಣೆ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದೇ ಇತ್ತು. ಸಂಘಟನೆಗಳು ಪ್ರತಿ ಬಾರಿಯೂ ಹೊಸ ಅಂಕಿಗಳನ್ನು ಒಯ್ದು, ಸರ್ಕಾರ ಕೊಟ್ಟ ವರದಿಯ ಪಕ್ಕದಲ್ಲಿ ಇಡುತ್ತ ಬಂದವು. ನನ್ನ ದೃಷ್ಟಿಯಲ್ಲಿ ಹೋರಾಟದ ಅತಿ ಕಷ್ಟದ ಭಾಗ ಇದೇ. ಇದಕ್ಕೆ ಪತ್ರಿಕೆಗಳ ಮುಖಪುಟವೂ ಸಿಗುವುದಿಲ್ಲ, ದೇಣಿಗೆಯೂ ಸುಲಭವಾಗಿ ಬರುವುದಿಲ್ಲ.

ಅದೇ ಓಸ್ಟ್ರಾವಾದಲ್ಲಿ ಎಲೆನಾ ಗೊರೊಲೊವಾ ಎಂಬ ರೋಮಾ ಮಹಿಳೆ ಇದ್ದಾರೆ. 1990ರಲ್ಲಿ ಎರಡನೆಯ ಹೆರಿಗೆಯ ನೋವಿನಲ್ಲಿದ್ದಾಗ ಕೊಟ್ಟ ಕಾಗದಕ್ಕೆ ಸಹಿ ಹಾಕಿದರು. ತಮಗೆ ಸಂತಾನಹರಣ ಚಿಕಿತ್ಸೆ ಆಗಿದೆಯೆಂದು ತಿಳಿದದ್ದು ಆಮೇಲೆ. ಇದು ಒಬ್ಬರ ಕಥೆಯಲ್ಲ. ಕಮ್ಯುನಿಸ್ಟ್ ಆಡಳಿತದಲ್ಲೇ ರೋಮಾ ಹೆಂಗಸರಿಗೆ ಹಣದ ಆಸೆ ತೋರಿಸಿ ಈ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದರು, ಅದನ್ನು ಅಲ್ಲಿನ ಭಿನ್ನಮತೀಯರು 1978ರಲ್ಲೇ ಖಂಡಿಸಿ ಬರೆದಿದ್ದರು. ಪಕ್ಕದ ಸ್ಲೊವಾಕಿಯಾದ ಇಂಥದೇ ಪ್ರಕರಣವೊಂದರ ತೀರ್ಪು 2011ರಲ್ಲಿ ಬಂದಿತು. ‘ರೋಗಿಯು ಸಂತಾನಹರಣ ಚಿಕಿತ್ಸೆಯನ್ನು ಕೋರುತ್ತಾರೆ’ ಎಂಬ ಬೆರಳಚ್ಚಿನ ಸಾಲಿನ ಕೆಳಗೆ ಆ ಹೆಂಗಸಿನ ಸಹಿ ನಡುಗಿದೆ, ತವರಿನ ಹೆಸರು ಎರಡು ತುಂಡಾಗಿ ಬಿದ್ದಿದೆ ಎಂಬುದನ್ನು ನ್ಯಾಯಾಲಯ ದಾಖಲಿಸಿದೆ. ಹೆರಿಗೆಯ ನೋವಿನ ನಡುವೆ ಪಡೆದ ಆ ಸಹಿಯನ್ನು ಸಮ್ಮತಿಯೆಂದು ಒಪ್ಪಲು ಅದು ನಿರಾಕರಿಸಿತು. ಎಲೆನಾ ಮತ್ತು ಅವರ ಜೊತೆಗಾರ್ತಿಯರು ತಮ್ಮ ಮಾನದ ವಿಷಯವೆಂದು ಬಾಯಿ ಮುಚ್ಚಿಕೊಳ್ಳದೆ, ಆಸ್ಪತ್ರೆಯ ಮುಂದೆ ನಿಂತು, ಲೋಕಾಯುಕ್ತರಂಥ ಅಧಿಕಾರಿಗೆ ದೂರು ಕೊಟ್ಟು, ವಿಶ್ವಸಂಸ್ಥೆಯ ತನಕ ಹೋದರು. 2009ರಲ್ಲಿ ಚೆಕ್ ಸರ್ಕಾರ ವಿಷಾದ ವ್ಯಕ್ತಪಡಿಸಿತು. ತಲಾ 3,00,000 ಕೊರೂನಾ ಪರಿಹಾರ ಕೊಡುವ ಕಾನೂನು 2021ರಲ್ಲಿ ಬಂದಿತು. ಅರ್ಜಿ ಹಾಕಲು ಹೋದ ಹಲವರಿಗೆ ಆಸ್ಪತ್ರೆಯ ಹಳೆಯ ಕಡತಗಳು ನಾಶವಾಗಿವೆ ಎಂಬ ಉತ್ತರ ಸಿಕ್ಕಿತು. ಕಡತವಿಲ್ಲದೆಯೂ ಪರಿಹಾರ ಕೊಡಬೇಕೆಂದು ಅವರು ಮತ್ತೆ ಹೋರಾಡಬೇಕಾಯಿತು. ಫಲ ಸಿಕ್ಕಿದೆಯೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ: ಸಿಕ್ಕಿದೆ, ತೀರ ತಡವಾಗಿ, ಎಲ್ಲರಿಗೂ ಅಲ್ಲ.

ಪ್ರಶ್ನೆ: 1980ರ ದಶಕದಲ್ಲಿ ನಾವು ಕೆಲವು ಗೆಳೆಯರು ಆಮ್ನೆಸ್ಟಿ ಸಂಸ್ಥೆಯ ಕರೆಗೆ ಓಗೊಟ್ಟು ಬೇರೆ ದೇಶದ ಕೈದಿಗಳ ಪರವಾಗಿ ಪತ್ರ ಬರೆಯುತ್ತಿದ್ದೆವು. ಅವುಗಳಿಂದ ಏನಾದರೂ ಆಯಿತೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಉತ್ತರ: ನಿಮ್ಮ ಒಂದು ಪತ್ರದಿಂದ ಏನಾಯಿತು ಎಂದು ಯಾರೂ ಹೇಳಲಾರರು. ಆದರೆ ಆ ಪದ್ಧತಿಯ ಹಿಂದಿನ ವಿವೇಕವನ್ನು ಗಮನಿಸಿ. 1961ರ ಮೇ 28ರಂದು ಲಂಡನ್ನಿನ ವಕೀಲ ಪೀಟರ್ ಬೆನೆನ್ಸನ್ ಪತ್ರಿಕೆಯೊಂದರಲ್ಲಿ ಮರೆತುಹೋದ ಕೈದಿಗಳ ಬಗ್ಗೆ ಬರೆದಾಗ ಅದು ಒಂದು ವರ್ಷದ ಚಳವಳಿಯೆಂದೇ ಇತ್ತು. ಸೇರಿದ ಪ್ರತಿ ಗುಂಪಿಗೂ ಮೂವರು ಕೈದಿಗಳ ಹೊಣೆ: ಪಶ್ಚಿಮದ ಒಬ್ಬರು, ಕಮ್ಯುನಿಸ್ಟ್ ದೇಶದ ಒಬ್ಬರು, ಎರಡು ಬಣಕ್ಕೂ ಸೇರದ ದೇಶದ ಒಬ್ಬರು. ಶೀತಲ ಸಮರದ ಕಾಲದಲ್ಲಿ ಪಕ್ಷಪಾತದ ಆಪಾದನೆಯಿಂದ ಪಾರಾಗಲು ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಪತ್ರ ಸೌಜನ್ಯದಿಂದ ಇರಬೇಕು, ಕೈದಿಯ ಹೆಸರು, ಜೈಲು, ಬೇಡಿಕೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟ ಅಧಿಕಾರಿಯ ಹೆಸರಿಗೆ ಹೋಗಬೇಕು. ಈ ಕೈದಿಯ ಲೆಕ್ಕ ಇಡುವವರು ಹೊರಗೆ ಇದ್ದಾರೆ ಎಂಬುದು ಜೈಲಿನ ಅಧಿಕಾರಿಗೆ ತಿಳಿದರೆ ಅಲ್ಲಿಗೆ ಅರ್ಧ ಕೆಲಸವಾಯಿತು. ಹಿಂಸೆಯನ್ನು ಸಮರ್ಥಿಸುವವರ ಪರವಾಗಿ ಬರೆಯುವುದಿಲ್ಲ ಎಂಬ ಕಟ್ಟುನಿಟ್ಟಿನಿಂದಾಗಿ 1964ರಲ್ಲಿ ನೆಲ್ಸನ್ ಮಂಡೇಲಾ ಅವರನ್ನೂ ತಾನು ಬೆಂಬಲಿಸುವ ಕೈದಿಗಳ ಪಟ್ಟಿಯಿಂದ ಸಂಸ್ಥೆ ಕೈಬಿಟ್ಟಿತು; ಆ ನಿರ್ಧಾರ ಸರಿಯೆಂದು ನನಗಂತೂ ಅನ್ನಿಸುವುದಿಲ್ಲ.

ಪೂರ್ವ ಯುರೋಪಿನಲ್ಲಿ ಪತ್ರಗಳ ಜೊತೆಗೆ ಇನ್ನೊಂದು ಉಪಾಯ ಬೆಳೆಯಿತು. 1975ರಲ್ಲಿ 35 ದೇಶಗಳು ಹೆಲ್ಸಿಂಕಿಯಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಮಾನವ ಹಕ್ಕುಗಳ ಮಾತೂ ಇತ್ತು. ಸೋವಿಯತ್ ಬಣದ ನಾಯಕರು ಅದನ್ನು ಬರಿಯ ಕಾಗದವೆಂದು ಭಾವಿಸಿ ಸಹಿ ಮಾಡಿದರು. ಪ್ರಜೆಗಳು ಅದನ್ನೇ ಕೈಯಲ್ಲಿ ಹಿಡಿದು ಕೇಳತೊಡಗಿದರು. ಮರುವರ್ಷ ಮಾಸ್ಕೋದಲ್ಲಿ ಭೌತವಿಜ್ಞಾನಿ ಯೂರಿ ಓರ್ಲೋವ್ ಒಪ್ಪಂದದ ಪಾಲನೆಯನ್ನು ಗಮನಿಸುವ ಗುಂಪು ಕಟ್ಟಿದರು. 1977ರ ಜನವರಿ 6ರಂದು ಪ್ರಾಗ್‌ನಲ್ಲಿ ನಾಟಕಕಾರ ವಾಕ್ಲಾವ್ ಹಾವೆಲ್ ಮತ್ತು ಇಬ್ಬರು ಗೆಳೆಯರು, 240ಕ್ಕೂ ಹೆಚ್ಚು ಜನರ ಸಹಿಯಿದ್ದ ‘ಚಾರ್ಟರ್ 77’ ಪತ್ರವನ್ನು ಸಂಸತ್ತಿಗೆ ಮುಟ್ಟಿಸಲು ಕಾರಿನಲ್ಲಿ ಹೊರಟಾಗ, ರಹಸ್ಯ ಪೊಲೀಸರು ಬೆನ್ನಟ್ಟಿ ಹಿಡಿದರು. ಅದರಲ್ಲಿ ಕ್ರಾಂತಿಯ ಕರೆ ಇರಲಿಲ್ಲ. ನೀವೇ ಒಪ್ಪಿದ ಕಾನೂನನ್ನು ಪಾಲಿಸಿ ಎಂಬ ಕೋರಿಕೆಯಿತ್ತು. ಅದರ ವಕ್ತಾರರಲ್ಲಿ ಒಬ್ಬರಾದ ವೃದ್ಧ ತತ್ತ್ವಜ್ಞಾನಿ ಯಾನ್ ಪಾಟೊಚ್ಕಾ ಎರಡೇ ತಿಂಗಳಲ್ಲಿ, ಪೊಲೀಸರ ದೀರ್ಘ ವಿಚಾರಣೆಗಳ ಬಳಿಕ ತೀರಿಕೊಂಡರು. ಇವರ ಹೆಸರುಗಳು ಹೊರಗಿನ ಲೋಕಕ್ಕೆ ತಲುಪಿ ಉಳಿದುಕೊಂಡದ್ದರಲ್ಲಿ ನಿಮ್ಮಂಥ ಅಪರಿಚಿತ ಪತ್ರಲೇಖಕರ ಪಾಲು ಸಣ್ಣದಲ್ಲ.

ಪ್ರಶ್ನೆ: ಯುರೋಪಿನವರು ಜಗತ್ತಿಗೆಲ್ಲ ಹಕ್ಕುಗಳ ಪಾಠ ಹೇಳುತ್ತಾರೆ, ತಮ್ಮ ಕಡಲಿನಲ್ಲಿ ನಿರಾಶ್ರಿತರು ಮುಳುಗುವುದನ್ನು ನೋಡುತ್ತ ಕೂರುತ್ತಾರೆ. ಇದು ಬೂಟಾಟಿಕೆ ಅಲ್ಲವೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಸರ್ಕಾರಗಳ ಮಟ್ಟಿಗೆ ನಿಮ್ಮ ಮಾತು ಸರಿ, ನಾನು ಅದನ್ನು ಮೆದುಗೊಳಿಸುವುದಿಲ್ಲ. ಆದರೆ ಆ ಸರ್ಕಾರಗಳನ್ನು ಅವರದೇ ನ್ಯಾಯಾಲಯದ ಕಟಕಟೆಗೆ ಎಳೆದವರೂ ಯುರೋಪಿನವರೇ. 2009ರ ಮೇ 6ರಂದು ಇಟಲಿಯ ಲಂಪೆದೂಸಾ ದ್ವೀಪದ ದಕ್ಷಿಣಕ್ಕೆ ಮೂರು ದೋಣಿಗಳಲ್ಲಿ ಬರುತ್ತಿದ್ದ ಸುಮಾರು 200 ಜನರನ್ನು ಇಟಲಿಯ ಹಡಗುಗಳು ತಡೆದು, ಹತ್ತಿಸಿಕೊಂಡು, ಎಲ್ಲಿಗೆಂದು ಹೇಳದೆ ಲಿಬಿಯಾಕ್ಕೆ ಒಪ್ಪಿಸಿಬಿಟ್ಟವು. ಅವರಲ್ಲಿ 24 ಮಂದಿ ಸೊಮಾಲಿಯಾ ಮತ್ತು ಎರಿಟ್ರಿಯಾದವರ ಪರವಾಗಿ ಇಟಲಿಯ ವಕೀಲರು ಸ್ಟ್ರಾಸ್‌ಬರ್ಗ್‌ಗೆ ಹೋದರು. ವಿಚಾರಣೆ ನಡೆಯುವಷ್ಟರಲ್ಲಿ ಇಬ್ಬರು ಸತ್ತಿದ್ದರು, ಹಲವರ ಸುಳಿವೇ ತಪ್ಪಿಹೋಗಿತ್ತು. 2012ರ ಫೆಬ್ರುವರಿ 23ರಂದು ನ್ಯಾಯಾಲಯ ಒಮ್ಮತದಿಂದ ಇಟಲಿಯ ವಿರುದ್ಧ ತೀರ್ಪಿತ್ತಿತು. ಕಡಲಿನಲ್ಲಿದ್ದರೂ ಜನ ಯಾರ ಹಡಗಿನಲ್ಲಿದ್ದಾರೋ ಆ ದೇಶ ಹಕ್ಕುಗಳಿಗೆ ಹೊಣೆ ಎಂಬುದು ಅದರಿಂದ ಖಚಿತವಾಯಿತು. ಆಗ ಸರ್ಕಾರಗಳು ಏನು ಮಾಡಿದವು ಗೊತ್ತೇ? ತಮ್ಮ ಹಡಗಿಗೆ ಹತ್ತಿಸಿಕೊಳ್ಳುವುದನ್ನೇ ಕಡಿಮೆ ಮಾಡಿ, ಲಿಬಿಯಾದ ಕರಾವಳಿ ಪಡೆಗೆ ದೋಣಿ, ಹಣ, ತರಬೇತಿ ಕೊಟ್ಟು ಅವರಿಂದಲೇ ತಡೆಯುವ ವ್ಯವಸ್ಥೆ ಮಾಡಿಕೊಂಡವು. ತೀರ್ಪಿನ ಅಕ್ಷರ ಉಳಿಯಿತು, ಮುಳುಗುವವರು ಮುಳುಗುತ್ತಲೇ ಇದ್ದಾರೆ.

2013ರ ಅಕ್ಟೋಬರ್ 3ರಂದು ಅದೇ ದ್ವೀಪದ ಬಳಿ 360ಕ್ಕೂ ಹೆಚ್ಚು ಜನ ಸತ್ತ ಮೇಲೆ ಇಟಲಿ ಒಂದು ವರ್ಷ ತಾನೇ ರಕ್ಷಣಾ ಕಾರ್ಯ ನಡೆಸಿ, ಯುರೋಪಿನ ಉಳಿದ ದೇಶಗಳು ಕೈಜೋಡಿಸದೆ ನಿಲ್ಲಿಸಿತು. ಆ ಜಾಗಕ್ಕೆ ನಾಗರಿಕರೇ ಹಣ ಕೂಡಿಸಿ ಹಡಗು ಕೊಂಡು ಇಳಿದರು. ಜರ್ಮನ್ ಯುವಜನರ ಯುವೆಂಟಾ ಹಡಗನ್ನು 2017ರಲ್ಲಿ ಇಟಲಿ ವಶಪಡಿಸಿಕೊಂಡಿತು. ಆ ಸಿಬ್ಬಂದಿಯ ಮೇಲಿನ ಆರೋಪಗಳಿಗೆ ಹುರುಳಿಲ್ಲವೆಂದು ನ್ಯಾಯಾಲಯ ಹೇಳಿದ್ದು 2024ರಲ್ಲಿ, ಹಡಗು ತುಕ್ಕು ಹಿಡಿದ ಮೇಲೆ. ಫ್ರಾನ್ಸ್-ಇಟಲಿ ಗಡಿಯ ರೋಯಾ ಕಣಿವೆಯಲ್ಲಿ ಆಲಿವ್ ಬೆಳೆಯುವ ರೈತ ಸೆಡ್ರಿಕ್ ಎರು, ಬೆಟ್ಟ ದಾಟಿ ಬಂದವರಿಗೆ ತನ್ನ ಜಮೀನಿನಲ್ಲಿ ಊಟ, ಆಸರೆ ಕೊಟ್ಟು ಪದೇ ಪದೇ ಬಂಧನಕ್ಕೆ ಒಳಗಾದರು. ಫ್ರಾನ್ಸಿನ ಸಂವಿಧಾನ ಮಂಡಳಿ 2018ರ ಜುಲೈ 6ರಂದು, ಗಣರಾಜ್ಯದ ಧ್ಯೇಯವಾಕ್ಯದಲ್ಲಿರುವ ಬಂಧುತ್ವಕ್ಕೆ ಸಂವಿಧಾನದ ಬಲವಿದೆ, ಕಾಗದಪತ್ರ ಇದೆಯೇ ಎಂದು ನೋಡದೆ ಮಾನವೀಯ ನೆರವು ಕೊಡುವ ಸ್ವಾತಂತ್ರ್ಯ ಅದರಿಂದ ಬರುತ್ತದೆ ಎಂದಿತು. ಬೂಟಾಟಿಕೆಯನ್ನು ನಾವು ಇಲ್ಲಿಂದ ಬೈಯುವುದಕ್ಕಿಂತ ಗಟ್ಟಿಯಾಗಿ ಆ ರೈತ ಅಲ್ಲಿಯೇ ಎದುರಿಸಿದರು.

ಪ್ರಶ್ನೆ: ಇಂಥ ಸಂಘಟನೆಗಳಿಗೆ ವಿದೇಶಿ ಹಣ ಬರುತ್ತದೆ ಎಂಬ ಆಪಾದನೆ ನಮ್ಮಲ್ಲಿದೆ. ಯುರೋಪಿನಲ್ಲೂ ಇದೆಯೇ?
— ಲೆಕ್ಕಪರಿಶೋಧಕರು, ಮಂಗಳೂರು

ಉತ್ತರ: ಇದೆ, ಮತ್ತು ಬಲವಾಗಿಯೇ ಇದೆ. ವಿದೇಶಿ ಹಣ ಪಡೆಯುವ ಸಂಘಟನೆಗಳು ‘ವಿದೇಶಿ ಏಜೆಂಟ್’ ಎಂಬ ಹಣೆಪಟ್ಟಿ ಹಾಕಿಕೊಳ್ಳಬೇಕೆಂಬ ಕಾನೂನನ್ನು ರಷ್ಯಾ 2012ರಲ್ಲಿ ತಂದಿತು. ಸ್ಟಾಲಿನ್ ಕಾಲದ ಕೊಲೆಗಳ ದಾಖಲೆ ಕೂಡಿಟ್ಟ ಮೆಮೊರಿಯಲ್ ಸಂಸ್ಥೆಯನ್ನು ಆ ಹಣೆಪಟ್ಟಿ ಹಾಕದ ನೆಪ ಹೇಳಿ 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಲಾಯಿತು. ಹಂಗೇರಿ 2017ರಲ್ಲಿ ತಂದ ಇಂಥದೇ ಕಾನೂನನ್ನು ಲಕ್ಸೆಂಬರ್ಗ್ ನ್ಯಾಯಾಲಯ 2020ರಲ್ಲಿ ಒಕ್ಕೂಟದ ನಿಯಮಗಳಿಗೆ ವಿರುದ್ಧವೆಂದಿತು. ಸರ್ಕಾರ ಅದನ್ನು ಹಿಂತೆಗೆದುಕೊಂಡು, 2023ರಲ್ಲಿ ‘ಸಾರ್ವಭೌಮತ್ವ ರಕ್ಷಣೆ’ಯ ಹೆಸರಿನಲ್ಲಿ ಇನ್ನೊಂದನ್ನು ತಂದಿತು.

ಬೆಲಾರುಸ್‌ನ ಮಾನವ ಹಕ್ಕು ಹೋರಾಟಗಾರ ಅಲೆಸ್ ಬಿಯಾಲಿಯಾಟ್ಸ್ಕಿ ಅವರ ಪ್ರಕರಣ ಲೆಕ್ಕಪರಿಶೋಧಕರಾದ ನೀವು ತಿಳಿಯಬೇಕಾದದ್ದು. ಅವರ ವಿಯಾಸ್ನಾ ಸಂಘಟನೆಯ ನೋಂದಣಿಯನ್ನು ಸರ್ಕಾರ 2003ರಲ್ಲಿ ರದ್ದು ಮಾಡಿತು. ನೋಂದಣಿಯಿಲ್ಲದೆ ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯುವಂತಿಲ್ಲ. ಕೈದಿಗಳ ನೆರವಿನ ಹಣವನ್ನು ಅವರು ಲಿಥುವೇನಿಯಾ, ಪೋಲೆಂಡಿನಲ್ಲಿ ತಮ್ಮ ಹೆಸರಿನ ಖಾತೆಗಳಲ್ಲಿ ಇಟ್ಟರು. ಆ ಎರಡು ದೇಶಗಳ ಅಧಿಕಾರಿಗಳೇ ಖಾತೆಯ ವಿವರವನ್ನು ಬೆಲಾರುಸ್‌ಗೆ ಕೊಟ್ಟುಬಿಟ್ಟರು. 2011ರಲ್ಲಿ ತೆರಿಗೆ ವಂಚನೆಯ ಆರೋಪದ ಮೇಲೆ ಅವರು ಜೈಲಿಗೆ ಹೋದರು. 2021ರಲ್ಲಿ ಮತ್ತೆ ಬಂಧನ, 2022ರಲ್ಲಿ ಜೈಲಿನಲ್ಲಿರುವಾಗಲೇ ನೊಬೆಲ್ ಶಾಂತಿ ಪ್ರಶಸ್ತಿ, 2023ರಲ್ಲಿ ಹತ್ತು ವರ್ಷದ ಶಿಕ್ಷೆ. 2025ರ ಡಿಸೆಂಬರ್‌ನಲ್ಲಿ ಅಮೆರಿಕದೊಂದಿಗೆ ನಡೆದ ಮಾತುಕತೆಯ ಬಳಿಕ ಬಿಡುಗಡೆಯಾಯಿತು.

ನಮ್ಮಲ್ಲಿ ಬೆಂಗಳೂರಿನಲ್ಲಿ ಕಚೇರಿ ಹೊಂದಿದ್ದ ಆಮ್ನೆಸ್ಟಿಯ ಭಾರತ ಶಾಖೆ ಖಾತೆಗಳು ಸ್ಥಗಿತವಾದ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. ವಿದೇಶಿ ದೇಣಿಗೆಯ ನಿಯಮಗಳನ್ನು ಮೀರಲಾಗಿದೆ ಎಂದು ಸರ್ಕಾರ ಹೇಳಿತು, ಸಂಸ್ಥೆ ಅದನ್ನು ಅಲ್ಲಗಳೆಯಿತು. ಹಣದ ಲೆಕ್ಕ ಯಾರೇ ಆಗಲಿ ಕೊಡಲೇಬೇಕು. ಆದರೆ ಲೆಕ್ಕ ಕೊಡುವ ದಾರಿಯನ್ನೇ ಮುಚ್ಚಿ ಆಮೇಲೆ ಲೆಕ್ಕ ಕೊಟ್ಟಿಲ್ಲವೆಂದು ಶಿಕ್ಷಿಸುವುದು, ಬೆಲಾರುಸ್‌ನಲ್ಲಿ ಆದಂತೆ, ಅನ್ಯಾಯ.

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಅಜ್ಜಿಯರು ಸರ್ಕಾರದ ಮೇಲೆ ಗೆದ್ದರೆಂದು ಓದಿದೆ. ನಾವು 11 ಮಂದಿ ನಿವೃತ್ತ ಶಿಕ್ಷಕಿಯರು ಊರ ಪಕ್ಕದ ಕಲ್ಲುಕ್ವಾರಿಯ ಧೂಳಿನ ವಿರುದ್ಧ ಏನಾದರೂ ಮಾಡಬೇಕೆಂದಿದ್ದೇವೆ. ಅವರಿಂದ ಕಲಿಯುವುದೇನಾದರೂ ಇದೆಯೇ?
— ನಿವೃತ್ತ ಮುಖ್ಯೋಪಾಧ್ಯಾಯಿನಿ, ತುಮಕೂರು

ಉತ್ತರ: ಬಹಳ ಇದೆ. ಬಿಸಿಗಾಳಿಯಿಂದ ವಯಸ್ಸಾದ ಹೆಂಗಸರೇ ಹೆಚ್ಚು ಬಳಲುತ್ತಾರೆ ಎಂಬ ವೈದ್ಯಕೀಯ ಸಾಕ್ಷ್ಯವನ್ನು ಆಧಾರವಾಗಿಟ್ಟುಕೊಂಡು ಅವರು 2016ರಲ್ಲಿ ಸಂಘ ಕಟ್ಟಿದರು. ಹವಾಮಾನ ಬದಲಾವಣೆಯನ್ನು ತಡೆಯಲು ಸರ್ಕಾರ ಸಾಕಷ್ಟು ಮಾಡುತ್ತಿಲ್ಲ ಎಂಬುದು ಅವರ ದೂರು. ಮೊದಲು ಸರ್ಕಾರಕ್ಕೆ ಮನವಿ ಕೊಟ್ಟರು, ತಿರಸ್ಕಾರವಾಯಿತು. ನೀವು ಮಾತ್ರ ವಿಶೇಷವಾಗಿ ಬಾಧಿತರಲ್ಲ ಎಂದು 2018ರಲ್ಲಿ ಒಂದು ನ್ಯಾಯಾಲಯ ಹೇಳಿತು, ಇನ್ನೂ ಸಮಯವಿದೆ ಎಂಬ ಧಾಟಿಯಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2024ರ ಏಪ್ರಿಲ್ 9ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಗೆಲ್ಲುವಾಗ ಸಂಘದಲ್ಲಿ 2,000ಕ್ಕೂ ಹೆಚ್ಚು ಸದಸ್ಯೆಯರಿದ್ದರು. ಸಂಘದ ಜೊತೆಗೆ ನಾಲ್ವರು ಹೆಂಗಸರು ಸ್ವಂತ ಹೆಸರಿನಲ್ಲೂ ದೂರಿದ್ದರು. ಅವರಲ್ಲಿ ಒಬ್ಬರು ಪ್ರಕರಣ ನಡೆಯುತ್ತಿರುವಾಗಲೇ ತೀರಿಕೊಂಡರು. ಆ ನಾಲ್ವರ ವೈಯಕ್ತಿಕ ದೂರುಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ಗೆದ್ದದ್ದು ಸಂಘ. ಮುಂದೆ ಎರಡೇ ತಿಂಗಳಲ್ಲಿ ಸ್ವಿಸ್ ಸಂಸತ್ತು, ನಾವು ಈಗಾಗಲೇ ಸಾಕಷ್ಟು ಮಾಡಿದ್ದೇವೆ ಎಂದು ಘೋಷಣೆ ಹೊರಡಿಸಿತು. ಅಜ್ಜಿಯರು ತೀರ್ಪಿನ ಪಾಲನೆಯ ಬೆನ್ನು ಹತ್ತಿ ಮತ್ತೆ ಕಾಗದಪತ್ರ ಸಲ್ಲಿಸುತ್ತಿದ್ದಾರೆ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಮೊದಲು ದಾಖಲೆ. ಯಾವ ದಿನ ಎಷ್ಟು ಹೊತ್ತಿಗೆ ಸ್ಫೋಟ, ಯಾರಿಗೆ ಉಸಿರಾಟದ ತೊಂದರೆ, ವೈದ್ಯರ ಚೀಟಿ, ತಾರೀಖಿರುವ ಫೋಟೋ, ಎಲ್ಲವೂ ಒಂದು ಪುಸ್ತಕದಲ್ಲಿರಲಿ. ಕ್ವಾರಿಯ ಪರವಾನಗಿ ಮತ್ತು ಅದರ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಕೊಡುವ ಪ್ರತಿ ಮನವಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ. ಮುಂದೆ ಹಸಿರು ನ್ಯಾಯಮಂಡಳಿಗೋ ಹೈಕೋರ್ಟಿಗೋ ಹೋದರೆ ಮೊದಲು ಕೇಳುವುದು ಅದನ್ನೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು 7 ಜನ ಸಾಕು. ನೀವು 11 ಮಂದಿ ಇದ್ದೀರಿ.